ಟೀ-ಬನ್ನಿಗೆ ಹಾಕಿದ ಸಹಿ

ಹೋದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆಗೆ, ಶಿಕಾಗೋ ಪಕ್ಕದ ಅರೋರಾದ ನಮ್ಮ ಅಡುಗೆಮನೆಯಲ್ಲಿ ಒಬ್ಬ ಹೆಂಗಸು ನನ್ನನ್ನು ಕೇಳಿದಳು: "ನಾನು ಸಹಿ ಹಾಕಿದ್ದು ಟೀ-ಬನ್ನಿಗೆ. ಅದು ನನ್ನ ಮನೆ ಒಡೆಯೋಕೆ ಒಪ್ಪಿಗೆ ಹೇಗಾಯ್ತು?"

ಹೆಂಗಸು ಇದ್ದದ್ದು ಲ್ಯಾಪ್‌ಟಾಪಿನ ಒಳಗೆ. ಪೂರ್ವ ಆಫ್ರಿಕಾದ ಒಂದು ದೊಡ್ಡ ಊರಿನಲ್ಲಿ, ತಗಡಿನ ಮನೆಯ ಮುಂದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಅಲ್ಲಿ ಆಗ ಮಧ್ಯಾಹ್ನ ಮೂರು. ನನಗೂ ಅವಳಿಗೂ ನಡುವೆ ಸುಮಾರು ಎಂಟು ಸಾವಿರ ಮೈಲಿ. ಆದರೂ ನಾನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ.

ಒಲೆಯ ಮೇಲೆ ಉಪ್ಪಿಟ್ಟು ತಳ ಹಿಡಿಯುತ್ತಿತ್ತು. ಏಳಲಿಲ್ಲ.

ಯಾಕೆಂದರೆ ಆ 'ಒಪ್ಪಿಗೆ' ಎಲ್ಲಿಂದ ಬಂತು ಅಂತ ಸರಿಯಾಗಿ ಗೊತ್ತಿದ್ದದ್ದು ಒಬ್ಬಳಿಗೆ. ನನಗೆ.

ಈ ಅಂಕಣ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತು. ಶಿಕಾಗೋದ ಒಂದು ಪ್ಲಾನಿಂಗ್ ಕಂಪನಿಗೆ ನಕ್ಷೆ ಬರೆದುಕೊಡುತ್ತೇನೆ. ವಾರಕ್ಕೆ ಮೂರು ದಿನ ಟ್ರೈನು, ಎರಡು ದಿನ ಅಡುಗೆಮನೆ. ("ಚಿತ್ರ ಬರ್ಯಾಕ ಪಗಾರ ಕೊಡ್ತಾರೇನು?" ಅನ್ನುವುದು ನನ್ನ ಧಾರವಾಡದ ಗಂಡ ಗಿರೀಶನ ಹತ್ತು ವರ್ಷ ಹಳೆಯ ಜೋಕು. ಈಚೆಗೆ ಆ ಜೋಕು ಮಾಡುತ್ತಿಲ್ಲ. ಕಾರಣ ಮುಂದೆ ಬರುತ್ತದೆ.) ಸ್ಯಾಟಲೈಟ್ ತೆಗೆದ ಫೋಟೋ ತೆರೆದುಕೊಳ್ಳುತ್ತೇನೆ. ಒಂದೊಂದು ಚಾವಣಿಯ ಸುತ್ತ ಒಂದೊಂದು ಗೆರೆ. ಗೆರೆ ಮುಗಿದ ಕೂಡಲೇ ಸಾಫ್ಟ್‌ವೇರ್ ತಾನಾಗಿ ನಂಬರ್ ಕೊಡುತ್ತದೆ. 115, 116, 117. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಒಂದು ಬೀದಿ ಮುಗಿಯುತ್ತದೆ.

ಈ ಸಲದ ಊರಿನ ಹೆಸರು ಬರೆಯುವುದಿಲ್ಲ. (ನನಗೂ ಕೆಲಸ ಬೇಕು.) ಇಷ್ಟು ಸಾಕು: ಊರಿನ ಅಂಚಿನಲ್ಲಿ ಒಂದು ಹೊಳೆ, ಹೊಳೆಯ ಪಕ್ಕ ಸಾಲುಸಾಲು ತಗಡಿನ ಮನೆ. ಕೂಲಿ, ಮನೆಗೆಲಸ, ತರಕಾರಿ ವ್ಯಾಪಾರ ಅಂತ ಬಂದವರು ತಾವೇ ಕಟ್ಟಿಕೊಂಡದ್ದು. ಯಾರ ಹತ್ತಿರವೂ ಹಕ್ಕುಪತ್ರ ಇಲ್ಲ. ಸರ್ಕಾರದ ಹಳೆಯ ನಕ್ಷೆಯಲ್ಲಿ ಆ ಜಾಗ ಇವತ್ತಿಗೂ ಖಾಲಿ. ಜೋರು ಮಳೆ ಬಂದರೆ ಹೊಳೆ ಮನೆಯೊಳಗೆ ಬರುತ್ತದೆ. ಅದಕ್ಕೇ ಅಲ್ಲೊಂದು ದೊಡ್ಡ ಚರಂಡಿ, ಪಕ್ಕದಲ್ಲಿ ರಸ್ತೆ ಮಾಡುವ ಯೋಜನೆ. ಒಳ್ಳೆಯ ಕೆಲಸವೇ. ಅಲ್ಲಿನವರಿಗೂ ಚರಂಡಿ ಬೇಕು. ಅದು ಎಲ್ಲಿ ಹಾದು ಹೋಗಬೇಕು ಅನ್ನುವುದಷ್ಟೇ ಪ್ರಶ್ನೆ.

ಅದು ಹೋಗುವ ದಾರಿಯ ಗೆರೆ ಎಳೆದವಳು ನಾನು, ಕೆಲವರ ಮನೆಗಳ ಮೇಲೆಯೇ. ಇದೇ ಅಡುಗೆಮನೆಯಲ್ಲಿ ಕೂತು.

ಇಂಥ ಕೆಲಸಗಳಿಗೆ ಒಂದು ನಿಯಮ ಇದೆ. ಅಲ್ಲಿ ಇರುವವರನ್ನು ಕೇಳದೆ ಏನೂ ಮಾಡಬಾರದು. ಸಭೆ ಕರೆಯಬೇಕು, ನಕ್ಷೆ ತೋರಿಸಬೇಕು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು, ಒಪ್ಪಿದರೆ ಸಹಿ ಪಡೆಯಬೇಕು. ಇದಕ್ಕಿಂತ ನ್ಯಾಯವಾದ ನಿಯಮ ಇದೆಯಾ? ಆರು ತಿಂಗಳ ಹಿಂದೆ ಸಭೆಯೂ ಆಯಿತು. ನಡೆಸಿದವರು ಜೋಸೆಫ್. ಅಲ್ಲಿ ನಮ್ಮ ಕಂಪನಿಯ ಕೆಲಸ ನೋಡಿಕೊಳ್ಳುವ, ಅರವತ್ತರ ಹತ್ತಿರದ ಸಂಭಾವಿತ ಮನುಷ್ಯ. ಸಭೆಯ ನಾಲ್ಕು ಫೋಟೋ ಕಳಿಸಿದರು. ಜೊತೆಗೆ ಹನ್ನೊಂದು ಹಾಳೆ ಸ್ಕ್ಯಾನ್ ಮಾಡಿ ಕಳಿಸಿದರು. ಹೆಸರು, ಮನೆಯ ಗುರುತು, ಫೋನು, ಸಹಿ. ಸಹಿ ಬಾರದವರದ್ದು ಹೆಬ್ಬೆಟ್ಟು.

ಹಾಳೆಯ ಮೇಲ್ಗಡೆ ಏನೂ ಬರೆದಿರಲಿಲ್ಲ.

ನಮ್ಮ ವರದಿಗೆ ಒಂದು ಟೆಂಪ್ಲೇಟ್ ಉಂಟು. ಅದರಲ್ಲಿ ಅನುಬಂಧ ಮೂರು: 'ನಿವಾಸಿಗಳ ಒಪ್ಪಿಗೆ'. ಆ ಖಾನೆ ಖಾಲಿ ಇದ್ದರೆ ಫೈಲು ಮುಂದಕ್ಕೆ ಹೋಗುವುದಿಲ್ಲ, ಸ್ಕ್ರೀನಿನಲ್ಲಿ ಕೆಂಪು ಚುಕ್ಕೆ ಮಿನುಗುತ್ತಿರುತ್ತದೆ. ನನ್ನ ಬಾಸ್ ಕೆವಿನ್‌ನನ್ನು ಕೇಳಿದೆ. "ಇರೋದನ್ನ ಹಾಕು," ಅಂದ. ಇದ್ದದ್ದು ಆ ಹನ್ನೊಂದು ಹಾಳೆ. ಹಾಕಿದೆ. ಬೋಳುಬೋಳಾಗಿ ಕಾಣುತ್ತಿದ್ದವು. ಹಾಗಾಗಿ ಪ್ರತಿಯೊಂದರ ತಲೆಯ ಮೇಲೂ ನಾನೇ ಟೈಪ್ ಮಾಡಿದೆ: 'ನಿವಾಸಿಗಳ ಒಪ್ಪಿಗೆ'. ಬೋಲ್ಡ್ ಮಾಡಿ, ಮಧ್ಯಕ್ಕೆ ತಂದೆ. ಕೆಂಪು ಚುಕ್ಕೆ ಹಸಿರಾಯಿತು.

ಜೋಸೆಫರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವತ್ತು ಶುಕ್ರವಾರ ಸಂಜೆ, ಮಗಳು ಸಿರಿಗೆ ಸ್ವಿಮ್ಮಿಂಗ್ ಕ್ಲಾಸ್ ಇತ್ತು.

ಈಗ ಮಂಗಳವಾರಕ್ಕೆ ಬರೋಣ. ಅದೇ ವಾರದ ಶುಕ್ರವಾರ ಅಲ್ಲಿನ ನಗರಾಡಳಿತದವರು ಯೋಜನೆಗೆ ಮಂಜೂರಾತಿ ಕೊಡುವವರಿದ್ದರು. ಅದಕ್ಕೆ ಮುಂಚೆ ಒಂದು ಸಣ್ಣ ವಿಡಿಯೋ ಕಾಲ್, ಶಾಸ್ತ್ರಕ್ಕೆ. ಕೆವಿನ್ ತನ್ನ ಮನೆಯಿಂದ, ನಾನು ನನ್ನ ಮನೆಯಿಂದ, ಜೋಸೆಫ್ ಆ ಹೊಳೆಯ ಪಕ್ಕದಿಂದ. ಐದು ನಿಮಿಷವೂ ಆಗಿರಲಿಲ್ಲ, ಜೋಸೆಫರ ಕೈಯಿಂದ ಫೋನು ಆ ಹೆಂಗಸಿನ ಕೈಗೆ ಹೋಯಿತು. ನೀಮಾ ಅಂತ ಹೆಸರು. ಮೂರು ಮಕ್ಕಳ ತಾಯಿ. ಮನೆಯ ಮುಂದಿನ ಅರ್ಧದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. (ಅವಳು ಸ್ವಾಹಿಲಿಯಲ್ಲಿ ಹೇಳಿದಳು, ಜೋಸೆಫ್ ಇಂಗ್ಲಿಷಿನಲ್ಲಿ ಹೇಳಿದರು, ನಾನು ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೂರು ಕೈ ದಾಟಿದರೂ ಮಾತಿನ ಬಿಸಿ ಆರಿಲ್ಲ ನೋಡಿ.)

"ಆವತ್ತು ಟೀ ಕಮ್ಮಿ ಇತ್ತು," ಅಂದಳು. "ಯಾರೂ ಎರಡು ಸಲ ತಗೋಬಾರದು ಅಂತ ಹೆಸರು ಬರೆಸ್ಕೊಂಡ್ರು. ಸಹಿ ಮಾಡಿದೋರಿಗೆ ಒಂದು ಕಪ್ ಟೀ, ಒಂದು ಬನ್ನು. ತಗೊಂಡು ಹೋಗಿ ಕೂತ್ವಿ. ನಕ್ಷೆ ತೋರಿಸಿದ್ರು. ನಾವು ಬೇಡ ಅಂದ್ವಿ. ಎದ್ದು ಬಂದ್ವಿ."

ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಜೋಸೆಫರ ದನಿ ಸಣ್ಣದಾಯಿತು. ಆವತ್ತು ಹಾಳೆ ಹಿಡಿದುಕೊಂಡು ಟೀ ಕೆಟಲ್ ಪಕ್ಕ ನಿಂತಿದ್ದವರು ಅವರೇ.

ಬೇಡ ಅಂದಿದ್ದರು. ನಾನು ಅದಕ್ಕೆ ಒಪ್ಪಿಗೆ ಅಂತ ಹೆಸರಿಟ್ಟೆ.

ನೀಮಾ ಫೋನನ್ನು ತನ್ನ ಮನೆಯ ಕಡೆ ತಿರುಗಿಸಿದಳು. ತಗಡಿನ ಗೋಡೆ. ಅದರ ಮೇಲೆ ಕೆಂಪು ಪೇಂಟಿನಲ್ಲಿ, ಒಂದು ಮೊಳ ಎತ್ತರಕ್ಕೆ, 117.

ಅದು ನನ್ನ ನಂಬರು. ನಾನು ಕಾಫಿ ಕುಡಿಯುತ್ತಾ ಗೆರೆ ಎಳೆದಾಗ ಸಾಫ್ಟ್‌ವೇರ್ ಕೊಟ್ಟ ನಂಬರು. ಸ್ಕ್ರೀನಿನಲ್ಲಿ ಅದು ಎಳ್ಳುಕಾಳಿನಷ್ಟಿತ್ತು. ಯಾರೋ ಏಣಿ ಹಾಕಿ, ಬ್ರಷ್ ಅದ್ದಿ, ಅದನ್ನು ಒಬ್ಬಳ ಮನೆಯ ಮೇಲೆ ಬರೆದು ಬಂದಿದ್ದಾರೆ. ಪೇಂಟ್ ಕೆಳಕ್ಕೆ ಇಳಿದು ಒಣಗಿತ್ತು.

"ಪೇಂಟ್ ಹೊಡೆದು ಹೋದ ದಿನದಿಂದ ಮಕ್ಕಳ ಯೂನಿಫಾರ್ಮು, ಪುಸ್ತಕ ಎಲ್ಲಾ ಚೀಲದಲ್ಲೇ ಇಟ್ಟಿದೀನಿ," ಅಂದಳು. "ಯಾವತ್ತು ಬರ್ತಾರೋ ಗೊತ್ತಿಲ್ಲ. ಲಾರಿ ಸದ್ದು ಕೇಳಿದ್ರೆ ಚಿಕ್ಕವನು ಓಡಿ ಬಂದು ಚೀಲ ತಬ್ಕೋತಾನೆ."

ಆಮೇಲೆ ಅವಳು ಒಂದು ದೊಡ್ಡ ಕಾಗದ ಬಿಚ್ಚಿ ಕ್ಯಾಮೆರಾಕ್ಕೆ ಹಿಡಿದಳು. ಸಿಮೆಂಟ್ ಚೀಲ ಹರಿದು ಮಾಡಿದ ಕಾಗದ. ಅದರ ಮೇಲೆ ಇದ್ದಿಲಿನಲ್ಲಿ ನಕ್ಷೆ. ಹೊಳೆ, ಚರ್ಚು, ಕೊಳಾಯಿ, ಮರಗಳು. ಮರಗಳ ಕೆಳಗೆ ಬಳುಕುತ್ತಾ ಹೋಗುವ ಒಂದು ಗೆರೆ. ಚರ್ಚಿನ ಹಿಂದೆ ಹಳೆಯ ನೀರಿನ ದಾರಿಯಂತೆ. ಪ್ರತಿ ಮಳೆಗೂ ನೀರು ಮೊದಲು ಓಡುವುದೇ ಅಲ್ಲಿ. ಸ್ಯಾಟಲೈಟಿಗೆ ಮರದ ತಲೆ ಕಂಡಿತ್ತು, ಬುಡದ ಹಳ್ಳ ಕಂಡಿರಲಿಲ್ಲ.

"ಅಲ್ಲಿ ಒಂದು ಮನೇನೂ ಇಲ್ಲ," ಅಂದಳು. "ನೀರು ಹೋಗೋ ಜಾಗ ಅಂತ ಗೊತ್ತಿದ್ದೋರು ಅಲ್ಲಿ ಮನೆ ಕಟ್ತಾರಾ?"

ಆ ಕಾಗದವನ್ನು ಮೊದಲ ಸಭೆಯಲ್ಲೇ ಜೋಸೆಫರಿಗೆ ಕೊಟ್ಟಿದ್ದರಂತೆ. ಅವರು ಆರು ತಿಂಗಳು ಬೀರುವಿನಲ್ಲಿಟ್ಟು, ಆವತ್ತಷ್ಟೇ ವಾಪಸ್ ತಂದುಕೊಟ್ಟಿದ್ದರು. ನಮ್ಮ ಟೆಂಪ್ಲೇಟಿನಲ್ಲಿ ಅದನ್ನು ಹಾಕಲು ಖಾನೆ ಇರಲಿಲ್ಲವಲ್ಲ.

ಕೆವಿನ್ ಕೆಟ್ಟವನಲ್ಲ. ನೀಮಾಳಿಗೆ ಥ್ಯಾಂಕ್ಸ್ ಹೇಳಿದ. "ವೆರಿ ಗುಡ್ ಪಾಯಿಂಟ್. ಸದ್ಯಕ್ಕೆ ಇದನ್ನ ಪಾರ್ಕ್ ಮಾಡೋಣ," ಅಂದ. (ಅಮೆರಿಕದಲ್ಲಿ ಕಾರಿಗಿಂತ ಹೆಚ್ಚಾಗಿ ಪಾರ್ಕ್ ಆಗುವುದು ಪ್ರಶ್ನೆಗಳು.) ನಗರದವರು ಶುಕ್ರವಾರ ತೀರ್ಮಾನ ಮಾಡುತ್ತಾರೆ, ನಾವು ಬರೀ ನಕ್ಷೆಯವರು, ಅಂದ. ಕಾಲ್ ಮುಗಿಯಿತು.

ಆ ಹಾಳೆಗಳಿಗೆ ಒಪ್ಪಿಗೆ ಅಂತ ಹೆಸರು ಕೊಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಆ ದಿನವೆಲ್ಲ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ.

ಸಂಜೆ ಗಿರೀಶನಿಗೆ ಹೇಳಿದೆ. ಸಿರಿ ಪಕ್ಕದಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದಳು. ಹನ್ನೆರಡು ವರ್ಷ. ತಲೆ ಎತ್ತದೆ ಕೇಳಿದಳು, "ಡಿಡ್ ಯೂ ಈವನ್ ಆಸ್ಕ್ ದೆಮ್, ಅಮ್ಮ?"

ಕೇಳಿರಲಿಲ್ಲ ಅಂದೆ. ಕೇಳುವುದೇ ಆ ಕೆಲಸದ ಹೆಸರಾಗಿತ್ತು ಅನ್ನುವುದನ್ನು ಅವಳಿಗೆ ಹೇಳಲಿಲ್ಲ.

"ಈಗ ಏನ್ ಮಾಡ್ತಿ?" ಅಂದ ಗಿರೀಶ.

"ಬರೆದು ಕೊಡ್ತೀನಿ. ಶೀರ್ಷಿಕೆ ನಂದು, ತಪ್ಪು ನಂದು ಅಂತ."

ಅವನು ಟಿವಿ ಆಫ್ ಮಾಡಿದ. "ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ. ಕೇಳೀಯಿಲ್ಲೋ? ನಿನ್ನ ನೌಕರಿ ಹೋತಂದ್ರ ಅರವತ್ತು ದಿನ. ಆಮ್ಯಾಲ? ನಂದಂತೂ ಹೋಗೇದ."

ಅದೇ ಆ ಕಾರಣ. ಅವನ ಕಂಪನಿ ಚಳಿಗಾಲದಲ್ಲಿ ಅವನ ಟೀಮನ್ನೇ ಮನೆಗೆ ಕಳಿಸಿತು. ಈಗ ಅವನ ಕಾಗದಪತ್ರವೂ ನನ್ನ ವೀಸಾದ ಕೆಳಗೇ ಇದೆ. ನನ್ನ ಕೆಲಸ ಹೋಗಿ, ಅರವತ್ತು ದಿನದೊಳಗೆ ಇನ್ನೊಂದು ಸಿಗದಿದ್ದರೆ, ಗಂಟುಮೂಟೆ ಕಟ್ಟಬೇಕು. ನಮ್ಮ ಬೆಡ್‌ರೂಮಿನ ವಾರ್ಡ್‌ರೋಬಿನ ಮೇಲೆ ಒಂದು ನೀಲಿ ಫೈಲ್ ಇದೆ. ಪಾಸ್‌ಪೋರ್ಟು, ಅಪ್ರೂವಲ್ ನೋಟಿಸು, ಸಿರಿಯ ಬರ್ತ್ ಸರ್ಟಿಫಿಕೇಟು, ಎಲ್ಲವೂ ಅದರಲ್ಲೇ. ಯಾವಾಗ ಬೇಕಾದರೂ ಒಂದೇ ಕೈಗೆ ಸಿಗುವ ಹಾಗೆ. ಇಲ್ಲಿ ವೀಸಾದ ಮೇಲೆ ಇರುವ ಎಷ್ಟು ಮನೆಗಳಲ್ಲಿ ಅಂಥದೊಂದು ಫೈಲ್ ಇಲ್ಲ ಹೇಳಿ? ಅರೋರಾ, ಬೋಲಿಂಗ್‌ಬ್ರೂಕ್, ಶಾಮ್‌ಬರ್ಗ್, ಯಾವ ಅಪಾರ್ಟ್‌ಮೆಂಟಿಗೆ ಬೇಕಾದರೂ ಹೋಗಿ ನೋಡಿ. ನೀಮಾಳ ಮಗ ತಬ್ಬಿಕೊಳ್ಳುವ ಚೀಲ ಯಾವುದು ಅಂತ ನನಗೆ ಆವತ್ತು ಚೆನ್ನಾಗಿ ಅರ್ಥವಾಯಿತು.

ನನಗೆ ಭಯವಾಯಿತು. ಮುಚ್ಚಿಡುವುದೇನು? ಬಾಯಿ ಬಿಟ್ಟರೆ ನಮ್ಮ ಮನೆ, ಬಿಡದಿದ್ದರೆ ಅವಳ ಮನೆ.

ಬುಧವಾರ ಟ್ರೈನಿನಲ್ಲಿ ಶಿಕಾಗೋಕ್ಕೆ ಹೊರಟೆ. ಹತ್ತು ವರ್ಷದಿಂದ ನೋಡುತ್ತಿರುವ ದಾರಿ. ಆವತ್ತು ಕಿಟಕಿಯಾಚೆ ಬರೀ ಚಾವಣಿಗಳೇ ಕಂಡವು. ನನ್ನ ಕಣ್ಣು ತಾನಾಗಿ ಒಂದೊಂದಕ್ಕೂ ನಂಬರ್ ಹಾಕುತ್ತಾ ಹೋಯಿತು. ನಿಲ್ಲಿಸಲು ಆಗಲಿಲ್ಲ. ಯಾವ ಮನೆಯೊಳಗೆ ಯಾರು ಹಲ್ಲುಜ್ಜುತ್ತಿದ್ದಾರೋ, ಯಾರು ಮಗುವಿಗೆ ಶೂ ಹಾಕುತ್ತಿದ್ದಾರೋ. ಟ್ರೈನಿನಿಂದ ಒಬ್ಬಳು ನಂಬರ್ ಹಾಕುತ್ತಿದ್ದಾಳೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಗುರುವಾರ ಮಧ್ಯಾಹ್ನ ಮೂರು ಸಾಲಿನ ಮೇಲ್ ಬರೆದೆ. ಆ ಹಾಳೆಗಳು ಟೀ ಹಂಚಿಕೆಯ ಹಾಳೆಗಳು. 'ಒಪ್ಪಿಗೆ' ಅಂತ ಟೈಪ್ ಮಾಡಿದವಳು ನಾನು, ಅದು ತಪ್ಪು. ಜನರು ಬರೆದ ಒಂದು ನಕ್ಷೆ ಇದೆ, ಅದನ್ನು ಸೇರಿಸಿ. ಕೆವಿನ್‌ಗೆ ಕಳಿಸಬೇಕು. ನಗರದ ಅಧಿಕಾರಿಗೂ ಕಾಪಿ ಹಾಕಬೇಕು. ಆ ಕಾಪಿ ಹಾಕುವುದಕ್ಕೇ ನನಗೆ ನಲವತ್ತು ನಿಮಿಷ ಹಿಡಿಯಿತು. ಹಾಕಿದೆ, ತೆಗೆದೆ, ನೀರು ಕುಡಿದು ಬಂದೆ, ಮತ್ತೆ ಹಾಕಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಕಳಿಸಿದೆ. ಧೈರ್ಯ ಬಂತು ಅಂದುಕೊಳ್ಳಬೇಡಿ. ಧೈರ್ಯ ಬರಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಒಂದು ಮೀಟಿಂಗ್ ಬಂತು. 'ಕ್ವಿಕ್ ಚಾಟ್', ಹದಿನೈದು ನಿಮಿಷ, ವಿಷಯ ಖಾಲಿ. ವೀಸಾದ ಮೇಲೆ ಕೆಲಸ ಮಾಡುವವರಿಗೆ ಇದರಷ್ಟು ಹೆದರಿಸುವ ಎರಡು ಪದ ಇನ್ನೊಂದಿಲ್ಲ. ನಾನು ನೀಲಿ ಫೈಲ್ ಕೆಳಗಿಳಿಸಿ ಟೇಬಲ್ ಮೇಲಿಟ್ಟುಕೊಂಡೇ ಕಾಲ್‌ಗೆ ಸೇರಿದೆ. (ಯಾಕೆ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ.)

ಕೆಲಸ ಹೋಗಲಿಲ್ಲ. ನಗರದವರು ಮಂಜೂರಾತಿಯನ್ನು ಮುಂದೆ ಹಾಕಿದ್ದರು. ಇನ್ನೊಂದು ಸಭೆ ಆಗಬೇಕು, ಎರಡೂ ದಾರಿಗಳನ್ನು ಜನರಿಗೆ ತೋರಿಸಬೇಕು. ಚರ್ಚಿನ ಹಿಂದಿನ ದಾರಿಯೇ ಬೇಕು ಅಂದರೆ ಅವರು ಸಹಿ ಮಾಡಿದ ಹಾಳೆ ತಿಂಗಳೊಳಗೆ ಬರಬೇಕು. ಬಾರದಿದ್ದರೆ ಹಳೆಯ ಗೆರೆಯೇ ಖಾಯಂ.

"ಇನ್ಮೇಲೆ ಇದರ ಓನರ್ ನೀನೇ," ಅಂದ ಕೆವಿನ್. ನಗುತ್ತಲೇ ಅಂದ. "ಮುಂದಿನ ಸಲ ನಗರಕ್ಕೆ ಕಾಪಿ ಹಾಕೋ ಮುಂಚೆ ನನಗೆ ಒಂದು ಫೋನ್ ಮಾಡು. ಓಕೆ?"

ಆ ಓಕೆಯಲ್ಲಿ ಏನಿತ್ತು ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇನೆ.

ಈ ಸಲ ಎಲ್ಲವನ್ನೂ ಸರಿಯಾಗಿ ಮಾಡಿದೆ. ಇದ್ದಿಲಿನ ಗೆರೆಯನ್ನು ನನ್ನ ನಕ್ಷೆಗೆ ಇಳಿಸಿದೆ. ಹಾಳೆಯ ತಲೆಯ ಮೇಲೆ ಮೊದಲೇ, ಅವರ ಭಾಷೆಯಲ್ಲೇ, ಯಾವುದಕ್ಕೆ ಈ ಸಹಿ ಅಂತ ಸ್ಪಷ್ಟವಾಗಿ ಬರೆಸಿದೆ. ಟೀ ಬೇರೆ ಟೇಬಲ್, ಹಾಳೆ ಬೇರೆ ಟೇಬಲ್ ಅಂತಲೂ ಜೋಸೆಫರಿಗೆ ಹೇಳಿದೆ. ಹೋದ ಶನಿವಾರ ಸಭೆ ಆಯಿತು. ಚರ್ಚಿನ ಹಾಲ್ ತುಂಬಿ ಜನ ಹೊರಗೆ ನಿಂತಿದ್ದರಂತೆ. ಎರಡೂ ದಾರಿಯಲ್ಲಿ ನಡೆದುಕೊಂಡೇ ಹೋಗಿ ನೋಡಿದರಂತೆ. ಎಲ್ಲರೂ ಚರ್ಚಿನ ಹಿಂದಿನ ದಾರಿಯೇ ಸರಿ ಅಂದರಂತೆ.

ಭಾನುವಾರ ಸ್ಕ್ಯಾನ್ ಬಂತು. ತೆರೆದೆ. ಹಾಳೆ ಖಾಲಿ.

ಒಂದು ಹೆಸರಿಲ್ಲ. ಒಂದು ಹೆಬ್ಬೆಟ್ಟಿಲ್ಲ. ಗಾಬರಿಯಾಗಿ ಜೋಸೆಫರಿಗೆ ಫೋನ್ ಮಾಡಿದೆ.

"ಯಾರೂ ಪೆನ್ ಮುಟ್ಟಲಿಲ್ಲ," ಅಂದರು. "ಟೀನೂ ಕುಡೀಲಿಲ್ಲ. ಕೆಟಲ್ ಹಾಗೇ ವಾಪಸ್ ಹೋಯ್ತು."

ಖಾಲಿ ಹಾಳೆ ಫೈಲಿಗೆ ಹೋದರೆ ಓದುವವರು ಏನಂತ ಓದುತ್ತಾರೆ? ಯಾರೂ ಬರಲಿಲ್ಲ, ಯಾರಿಗೂ ಬೇಕಿಲ್ಲ ಅಂತ. ಹಳೆಯ ಗೆರೆ ಖಾಯಂ. 117 ಖಾಯಂ. ಒಂದು ಸಲ ಅವರ ಸಹಿಯನ್ನು ನಾನು ಕದ್ದೆ. ಈಗ ಅವರೇ ಕೊಡದೆ ಮನೆ ಕಳೆದುಕೊಳ್ಳುತ್ತಾರಲ್ಲ.

"ಹಾಳೆಯ ಮೊದಲನೇ ಸಾಲು ನೋಡಿ," ಅಂದರು ಜೋಸೆಫ್.

ನೋಡಿದೆ. ಮೊದಲನೇ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಇತ್ತು.

"ಅದು ನೀಮಾ ಮಾಡಿದ್ದು. ಗೆರೆ ಎಳೆದೋರು ಮೊದಲು ಸಹಿ ಹಾಕ್ಲಿ ಅಂದ್ಲು. ಹೆಸರು, ಮನೆ ವಿಳಾಸ, ಫೋನು, ಎಲ್ಲಾ. ನಾಳೆ ಈ ಹಾಳೆ ಏನಾದ್ರೂ ಬೇರೆ ಆಗಿಬಿಟ್ರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ನಮಗೆ ಗೊತ್ತಿರಲಿ, ಆಮೇಲೆ ನಾವೆಲ್ಲ ಹಾಕ್ತೀವಿ ಅಂದ್ಲು. ಹಾಲ್‌ನಲ್ಲಿದ್ದೋರೆಲ್ಲ ಹೌದು ಅಂದ್ರು."

ನ್ಯಾಯವಾದ ಮಾತು.

ಕೆವಿನ್‌ಗೆ ಫೋನ್ ಮಾಡಿದೆ. (ಈ ಸಲ ಮುಂಚೆಯೇ ಮಾಡಿದೆ.) ಅವನು, "ನಿವಾಸಿಗಳ ಹಾಳೆಗೆ ನಮ್ಮವರು ಸಹಿ ಹಾಕೋದಿಲ್ಲ. ಪಾಲಿಸಿ. ನೀನು ಹಾಕಿದ್ರೆ ಅದು ನಿನ್ನ ಸ್ವಂತ ತೀರ್ಮಾನ. ನಾನು ಏನೂ ಕೇಳಿಸ್ಕೊಂಡಿಲ್ಲ," ಅಂದ.

ಗಿರೀಶನಿಗೆ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಪ್ರಿಂಟರಿಗೆ ಕಾಗದ ತುಂಬಿದ. "ಏನರ ಮಾಡು. ಆದ್ರ ನನಗ ಹೆದರಿಕಿ ಆಗೇತಿ, ಅದನ್ನ ತಿಳಕೊಂಡು ಮಾಡು," ಅಂದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನ ಬಾಯಲ್ಲಿ ಹೆದರಿಕೆ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

ನಾಳೆ ಬೆಳಿಗ್ಗೆಯೊಳಗೆ ನನ್ನ ಸಹಿಯ ಹಾಳೆ ಸ್ಕ್ಯಾನ್ ಆಗಿ ಜೋಸೆಫರ ಕೈ ಸೇರಿದರೆ ಉಳಿದವರ ಸಹಿಗೆ ಸಮಯ ಉಂಟು. ಇದನ್ನು ಬರೆಯುವಾಗ ಅದರ ಪ್ರಿಂಟ್ ನನ್ನ ಮುಂದೆಯೇ ಇದೆ, ಅದೇ ಅಡುಗೆಮನೆಯ ಟೇಬಲ್ ಮೇಲೆ. ಹೆಸರು ಬರೆದೆ. ಫೋನ್ ನಂಬರ್ ಬರೆದೆ. ಮನೆ ವಿಳಾಸದ ಕಾಲಂಗೆ ಬಂದಾಗ ಪೆನ್ನು ನಿಂತಿತು. ಕಾಲು ಗಂಟೆಯಿಂದ ಅಲ್ಲೇ ನಿಂತಿದೆ.

ಅವಳ ಮನೆಯ ನಂಬರನ್ನು ಅವಳನ್ನು ಕೇಳದೆಯೇ ಬರೆದವಳು ನಾನು. ನನ್ನ ಮನೆಯ ನಂಬರನ್ನು ಅವಳಿಗೆ ಬರೆದುಕೊಡಲು ನನಗೆ ಯಾಕಿಷ್ಟು ಭಯ?